ಟವೆಲ್ ಕೈಯಲ್ಲಿತ್ತು, ಅಷ್ಟರಲ್ಲಿ ‘ಸ್ನಾನ ಆಯ್ತಾ?’ ಅಂದರು

ಪ್ರಶ್ನೆ: ನನಗೆ 34 ವರ್ಷ. ಶಿವಮೊಗ್ಗದಲ್ಲಿ ಗಂಡ, ಅತ್ತೆ ಜೊತೆ ಇದ್ದೇನೆ. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಅಕ್ಕನ ಮಗನಿಗೆ ಆಟಿಸಂ ಅಂತ ಗೊತ್ತಾದ ಮೇಲೆ ಅದರ ಬಗ್ಗೆ ಓದಲು ಶುರು ಮಾಡಿದೆ. ಓದುತ್ತಾ ಓದುತ್ತಾ ಇದು ನನ್ನ ಕಥೆಯೇ ಅನ್ನಿಸಿತು. ಹೋದ ವರ್ಷ ತೋರಿಸಿಕೊಂಡೆ. ನನಗೂ ಆಟಿಸಂ ಇದೆ, ಜೊತೆಗೆ ಆತಂಕವೂ ಜಾಸ್ತಿ ಇದೆ ಅಂದರು.

ಬೆಳಿಗ್ಗೆ ಸ್ನಾನಕ್ಕೆ ಅಂತ ಟವೆಲ್ ತಗೊಂಡು ಎದ್ದಿರುತ್ತೇನೆ. ಅತ್ತೆ ಅಡುಗೆಮನೆಯಿಂದ ‘ಸ್ನಾನ ಆಯ್ತಾ?’ ಅಂತ ಕೇಳುತ್ತಾರೆ. ಅಷ್ಟೇ. ಕಾಲು ಮುಂದೆ ಹೋಗುವುದಿಲ್ಲ. ವಾಪಸ್ ಬಂದು ಮಂಚದ ಮೇಲೆ ಕೂತರೆ ಮಧ್ಯಾಹ್ನದವರೆಗೂ ಏಳಲಾಗುವುದಿಲ್ಲ. ಕರೆಂಟ್ ಬಿಲ್ ಕಟ್ಟಲು ದುಡ್ಡಿತ್ತು, ಫೋನಿತ್ತು, ಎರಡು ನಿಮಿಷದ ಕೆಲಸ. ಎರಡು ತಿಂಗಳು ಕಟ್ಟಲಿಲ್ಲ. ಕೊನೆಗೆ ಫ್ಯೂಸ್ ಕಿತ್ತುಕೊಂಡು ಹೋದರು. ಫೋನ್ ರಿಂಗ್ ಆದರೆ ಎದೆ ಹೊಡೆದುಕೊಳ್ಳುತ್ತದೆ. ರಂಗೋಲಿ ಅಂದರೆ ನನಗೆ ಪ್ರಾಣ. ನಾದಿನಿ ಮದುವೆಗೆ ‘ನೀನೇ ಹಾಕಬೇಕು’ ಅಂದರು. ಅವತ್ತಿನಿಂದ ಒಂದು ಚುಕ್ಕಿಯೂ ಇಟ್ಟಿಲ್ಲ.

ಗಂಡ ಸೋಮಾರಿ ಅನ್ನುತ್ತಾರೆ. ಅತ್ತೆ ಕೊಬ್ಬು ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಪಿಡಿಎ ಅಂತ ಓದಿದೆ, ‘ಮಾಡು’ ಅಂದ ತಕ್ಷಣ ಮಾಡಲಾಗದೆ ಹೋಗುವುದಂತೆ. ನನಗಿರುವುದು ಅದೇನಾ? ಮಾತ್ರೆ ಇದೆಯಾ? ಆಫೀಸಿನಲ್ಲಿ ಹೇಳಬಹುದಾ? ಅತ್ತೆಗೆ ಏನಂತ ಹೇಳಲಿ? ಈ ಪತ್ರ ಬರೆಯಲು ಏಳು ವಾರ ಹಿಡಿಯಿತು, ಕ್ಷಮಿಸಿ.
ಹೆಸರು ಬೇಡ, ಶಿವಮೊಗ್ಗ

ಉತ್ತರ: ಏಳು ವಾರ ಹಿಡಿದರೂ ಪತ್ರ ಬಂತಲ್ಲ, ಅದಕ್ಕೆ ಕ್ಷಮೆ ಯಾಕೆ? ಟವೆಲ್‌ನಿಂದಲೇ ಶುರು ಮಾಡೋಣ. ನಿಮ್ಮ ಅರ್ಧ ಉತ್ತರ ಅದರಲ್ಲೇ ಇದೆ.

ನಮ್ಮ ಮನೆಗಳಲ್ಲಿ ‘ಸ್ನಾನ ಆಯ್ತಾ, ತಿಂಡಿ ಆಯ್ತಾ, ಊಟ ಆಯ್ತಾ’ ಅನ್ನುವುದು ಪ್ರಶ್ನೆಯೇ ಅಲ್ಲ. ಅದೊಂದು ತರಹದ ನಮಸ್ಕಾರ. ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ. ಒಗ್ಗರಣೆಗೆ ಸಾಸಿವೆ ಹಾಕುತ್ತಾ ನಿಮ್ಮ ಅತ್ತೆ ಕೇಳಿದ್ದೂ ಹೀಗೇ ಇರಬೇಕು. ಆದರೆ ನಿಮ್ಮ ಕಿವಿಗೆ ಬಿದ್ದಾಗ ಅದು ಆಡಿಟ್. ಅಕೌಂಟ್ಸ್ ಕೆಲಸದವರು ನೀವು, ಆಡಿಟ್ ಅಂದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಕನ್ನಡದ ‘ಬೇಕು’ ಒಂದು ವಿಚಿತ್ರ ಪದ. ‘ನನಗೆ ಕಾಫಿ ಬೇಕು’ ಅಂದರೆ ಆಸೆ. ‘ಹತ್ತಕ್ಕೆ ಆಫೀಸಿನಲ್ಲಿರಬೇಕು’ ಅಂದರೆ ಕಟ್ಟುಪಾಡು. ‘ಸ್ನಾನ ಮಾಡಬೇಕು’ ಅಂದರೆ? ಎರಡೂ ಆಗಬಹುದು. ಬಹಳ ಜನಕ್ಕೆ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಎರಡು ಬೇಕುಗಳೂ ಕಲಸಿಕೊಂಡು ಕೆಲಸ ಸಾಗಿಹೋಗುತ್ತದೆ. ನಿಮ್ಮಲ್ಲಿ ಮೊದಲನೇ ಬೇಕು ಎರಡನೆಯದಾಗಿ ತಿರುಗಿದ ಕ್ಷಣ ಮೈ ಬ್ರೇಕ್ ಹಾಕುತ್ತದೆ. ಟವೆಲ್ ಹಿಡಿದು ಎದ್ದಾಗ ಸ್ನಾನ ನಿಮ್ಮದಾಗಿತ್ತು. ‘ಆಯ್ತಾ?’ ಅಂದ ಮೇಲೆ ಅದು ಅತ್ತೆಯದಾಯಿತು. ಗೀಸರ್‌ನಲ್ಲಿ ನೀರು ಅಷ್ಟೇ ಬಿಸಿ ಇದೆ, ಬಚ್ಚಲುಮನೆ ಅಷ್ಟೇ ದೂರ ಇದೆ. ಆದರೂ ಹೋಗಲಾಗುವುದಿಲ್ಲ.

ರಂಗೋಲಿಗೆ ಆದದ್ದೂ ಇದೇ. ಅದು ನಿಮ್ಮ ಆಸೆಯ ಬೇಕು. ಮದುವೆಮನೆಯವರು ಪ್ರೀತಿಯಿಂದಲೇ ‘ನೀನೇ ಹಾಕಬೇಕು’ ಅಂದರು. ಆ ‘ಲೇಬೇಕು’ ತರಹದ ಮಾತಿಗೆ ನಿಮ್ಮ ಪ್ರಾಣದಂಥ ರಂಗೋಲಿಯೇ ಅವರ ಪಾಲಾಯಿತು. ಇದು ಬರೀ ಹೊರಗಿನವರಿಂದ ಆಗುವುದೂ ಅಲ್ಲ. ‘ಇವತ್ತು ಬಿಲ್ ಕಟ್ಟಲೇಬೇಕು’ ಅಂತ ನಿಮಗೆ ನೀವೇ ಅಂದುಕೊಂಡರೂ ಸಾಕು. ಕೆಲವರಿಗೆ ಹಸಿವು, ಬಾಯಾರಿಕೆ, ಮೂತ್ರದ ಒತ್ತಡ ಕೂಡ ಮೈ ಕೊಡುವ ಆರ್ಡರ್ ಅನ್ನಿಸುತ್ತದೆ. ಅದಕ್ಕೂ ‘ಆಮೇಲೆ’ ಅನ್ನುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ತೀರಾ ಅಸಂಬದ್ಧ.

ಈಗ ಸೋಮಾರಿತನದ ವಿಷಯ. ಸೋಮಾರಿಗೆ ಸೋಮಾರಿತನದಲ್ಲಿ ಸುಖ ಇರುತ್ತದೆ. ಕೆಲಸ ತಪ್ಪಿಸಿಕೊಂಡವನು ಕಾಲು ಚಾಚಿ ಮ್ಯಾಚ್ ನೋಡುತ್ತಾನೆ, ಚೆನ್ನಾಗಿ ನಿದ್ದೆ ಹೊಡೆಯುತ್ತಾನೆ. ನೀವು ಮಧ್ಯಾಹ್ನದವರೆಗೆ ಮಂಚದ ಮೇಲೆ ಕೂತು ಸ್ನಾನದ ಬಗ್ಗೆಯೇ ಯೋಚನೆ ಮಾಡುತ್ತಿರುತ್ತೀರಿ, ಅಲ್ವಾ? ಹತ್ತು ಬಾರಿ ಸ್ನಾನ ಮಾಡುವಷ್ಟು ಶಕ್ತಿ ಅಲ್ಲೇ ಖರ್ಚಾಗಿರುತ್ತದೆ. ಎದೆ ಬಡಿತ, ಬಿಗಿದ ದವಡೆ, ಬೆವರಿದ ಅಂಗೈ ಇವೆಲ್ಲ ಭಯದ ಲಕ್ಷಣಗಳು. ಹಾವು ಕಂಡವರಲ್ಲಿ ಕಾಣುವಂಥವು. ನಿಮ್ಮ ಮಿದುಳು ಸ್ನಾನವನ್ನೋ ಬಿಲ್ಲನ್ನೋ ಹಾವು ಅಂತ ಓದಿಕೊಳ್ಳುತ್ತಿದೆ. ಹಾವಿನ ಮುಂದೆ ನಿಂತವರಿಗೆ ‘ಎರಡು ನಿಮಿಷದ ಕೆಲಸ’ ಅಂತ ಬುದ್ಧಿ ಹೇಳಿ ಏನು ಪ್ರಯೋಜನ?

ಯಾಕೆ ಹೀಗೆ ಓದಿಕೊಳ್ಳುತ್ತದೆ? ಒಂದೇ ಕಾರಣ ಇಲ್ಲ. ಆಟಿಸಂ ಇರುವ ಬಹಳ ಜನಕ್ಕೆ ‘ಮುಂದೇನು ಅಂತ ಗೊತ್ತಿಲ್ಲ’ ಅನ್ನುವ ಸ್ಥಿತಿಯೇ ದೊಡ್ಡ ಹಿಂಸೆ. ಬೇರೆಯವರು ಹೇಳಿದ ಕೆಲಸ ಅಂದರೆ ಯಾವಾಗ, ಎಷ್ಟು, ಹೇಗೆ, ಸರಿಯಾಗದಿದ್ದರೆ ಏನು ಅನ್ನುವುದೆಲ್ಲ ಅವರ ಕೈಯಲ್ಲಿ. ಇಂಗ್ಲೆಂಡಿನಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲೂ ಈ ಅನಿಶ್ಚಿತತೆಯ ಹಿಂಸೆಗೂ ಹೇಳಿದ್ದನ್ನು ತಪ್ಪಿಸಿಕೊಳ್ಳುವುದಕ್ಕೂ ನಂಟು ಕಂಡಿದೆ. ಫೋನ್ ರಿಂಗ್ ಆಗುವುದಂತೂ ಶುದ್ಧ ಅನಿಶ್ಚಿತತೆ. ಯಾರು, ಯಾಕೆ, ಎಷ್ಟು ಹೊತ್ತು, ಏನು ಕೇಳುತ್ತಾರೆ? ಎತ್ತುವ ಮೊದಲೇ ಹತ್ತು ಪ್ರಶ್ನೆ.

ಇನ್ನೊಂದು ಕಾರಣ ಮೈಯ ಸುದ್ದಿ ಮನಸ್ಸಿಗೆ ಸರಿಯಾಗಿ ಮುಟ್ಟದಿರುವುದು. ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ತಮಗೆ ಈಗ ಏನು ಅನ್ನಿಸುತ್ತಿದೆ ಅಂತ ಗುರುತಿಸಿ ಹೇಳುವುದು ಕಷ್ಟ. ಆತಂಕ ಏರುತ್ತಾ ಏರುತ್ತಾ ಕುತ್ತಿಗೆವರೆಗೆ ಬಂದ ಮೇಲೇ ಗೊತ್ತಾಗುತ್ತದೆ. ಆಗ ಬಾಯಿಂದ ಹೊರಬರುವುದು ಒಂದೇ ಮಾತು, ‘ಆಗಲ್ಲ’. ಅತ್ತೆಗೆ ಕೇಳಿಸುವುದು ಆ ಮಾತು ಮಾತ್ರ. ಅದರ ಹಿಂದಿನ ಏರಿಕೆ ಅವರಿಗೂ ಕಾಣಲಿಲ್ಲ, ನಿಮಗೂ ಕಾಣಲಿಲ್ಲ. ಕೊಬ್ಬು ಅನ್ನುವ ಪದ ಹುಟ್ಟುವುದು ಇಲ್ಲಿ.

ಪಿಡಿಎ ಅಂದಿರಿ. ಪೂರ್ತಿ ಹೆಸರು ಪೆಥಾಲಾಜಿಕಲ್ ಡಿಮಾಂಡ್ ಅವಾಯ್ಡೆನ್ಸ್, ಅಂದರೆ ಡಿಮಾಂಡ್‌ನಿಂದ ತಪ್ಪಿಸಿಕೊಳ್ಳುವುದು ಕಾಯಿಲೆಯ ಮಟ್ಟಕ್ಕೆ ಹೋಗಿರುವುದು. ಈ ಡಿಮಾಂಡನ್ನು ‘ಬೇಡಿಕೆ’ ಅಂತ ಅನುವಾದ ಮಾಡಿದರೆ ನಿಮ್ಮೂರಿನವರಿಗೆ ಅಡಿಕೆ ಮಂಡಿ ನೆನಪಾಗುತ್ತದೆ. ಹಾಗಾಗಿ ನಾನು ‘ಲೇಬೇಕು’ ಅಂತಲೇ ಅನ್ನುತ್ತೇನೆ. ಈ ಹೆಸರು ಕೊಟ್ಟವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ನ್ಯೂಸನ್, 1980ರ ದಶಕದಲ್ಲಿ. ಆಟಿಸಂ ಇದ್ದಂತೆ ಕಾಣುವ, ಆದರೆ ಆಗಿನ ಮಾದರಿಗೆ ಸರಿಯಾಗಿ ಹೊಂದದ ಮಕ್ಕಳು ಅವರ ಬಳಿ ಬರುತ್ತಿದ್ದರು. ಆ ಮಕ್ಕಳು ಹೇಳಿದ ಕೆಲಸವನ್ನು ಸುಮ್ಮನೆ ನಿರಾಕರಿಸುತ್ತಿರಲಿಲ್ಲ. ಮಾತು ಬದಲಿಸುತ್ತಿದ್ದರು, ನೆಪ ಹೇಳುತ್ತಿದ್ದರು, ಕೈಕಾಲು ಆಡುತ್ತಿಲ್ಲ ಅನ್ನುತ್ತಿದ್ದರು, ಕಲ್ಪನೆಯ ಲೋಕಕ್ಕೆ ಜಾರುತ್ತಿದ್ದರು. ಒತ್ತಾಯ ಜಾಸ್ತಿಯಾದರೆ ಸಿಡಿಯುತ್ತಿದ್ದರು. ನ್ಯೂಸನ್ ಮತ್ತು ಸಂಗಡಿಗರ ಪ್ರಬಂಧ 2003ರಲ್ಲಿ ಪ್ರಕಟವಾದ ಮೇಲೆ ಹೆಸರು ಹಬ್ಬಿತು.

ಆದರೆ ಇದು ಅಧಿಕೃತ ರೋಗನಿದಾನ ಅಲ್ಲ. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5ರಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಇಲ್ಲ. ಇದು ಆಟಿಸಂನ ಒಂದು ಬಗೆ ಅನ್ನುವವರಿದ್ದಾರೆ. ಆಟಿಸಂ ಜೊತೆ ಆತಂಕ ಸೇರಿದರೆ ಹೀಗೇ ಕಾಣುತ್ತದೆ, ಬೇರೆ ಹೆಸರು ಯಾಕೆ ಅನ್ನುವವರೂ ಇದ್ದಾರೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2013ರಲ್ಲೇ ಇನ್ನೊಂದು ಕಡೆಯಿಂದ ತಕರಾರು ತೆಗೆದರು. ಹೇಳಿದ್ದಕ್ಕೆಲ್ಲ ತಲೆಯಾಡಿಸದಿರುವುದನ್ನು ಕಾಯಿಲೆ ಅಂತ ಕರೆಯುವವರು ಯಾರು, ಯಾವ ಕಡೆ ನಿಂತು ಕರೆಯುತ್ತಿದ್ದಾರೆ ಅಂತ. ಈಗ ಎಷ್ಟೋ ಜನ ಪಿಡಿಎ ಅಕ್ಷರಗಳನ್ನು ಉಳಿಸಿಕೊಂಡು, ‘ಸ್ವಂತ ನಿರ್ಧಾರಕ್ಕಾಗಿ ಎಡೆಬಿಡದ ತುಡಿತ’ ಅನ್ನುವ ಅರ್ಥ ಬರುವ ಇಂಗ್ಲಿಷ್ ಹೆಸರು ಕೊಟ್ಟುಕೊಂಡಿದ್ದಾರೆ. ವಯಸ್ಕರಿಗಾಗಿ 2019ರಲ್ಲಿ ಒಂದು ಪ್ರಶ್ನಾವಳಿ ಬಂದಿದೆ. ನೀವು ಇಂಟರ್ನೆಟ್ಟಿನಲ್ಲಿ ಅದನ್ನು ನೋಡಿರಬಹುದು. ಅದು ಸಂಶೋಧನೆಗೆ ಮಾಡಿದ್ದು. ಅದರ ಅಂಕ ನೋಡಿ ‘ನನಗೆ ಇದೆ’, ‘ಇಲ್ಲ’ ಅನ್ನಲು ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಹೇಳುವ ಅನುಭವ ನಿಜ, ಅದರಲ್ಲಿ ಅನುಮಾನ ಇಲ್ಲ. ಅದಕ್ಕೊಂದು ಪ್ರತ್ಯೇಕ ಪೆಟ್ಟಿಗೆ ಬೇಕೋ ಬೇಡವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆ ಹೆಸರಿನಿಂದ ನಿಮ್ಮನ್ನು ನೀವು ಬೈದುಕೊಳ್ಳುವುದು ಕಮ್ಮಿಯಾದರೆ ಧಾರಾಳವಾಗಿ ಇಟ್ಟುಕೊಳ್ಳಿ. ಆಸ್ಪತ್ರೆಯ ಚೀಟಿಯಲ್ಲಿ ಬರೆಸಿಕೊಳ್ಳಲು ಅಲೆಯಬೇಡಿ.

ಅದಕ್ಕಿಂತ ಮುಖ್ಯ, ಎಲ್ಲ ‘ಆಗಲ್ಲ’ವೂ ಲೇಬೇಕಿನಿಂದ ಬಂದದ್ದೇ ಅಂತ ತೀರ್ಮಾನ ಮಾಡಬೇಡಿ. ಸ್ನಾನವನ್ನೇ ತಗೊಳ್ಳಿ. ಹೊರಗಿನವರಿಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಎದ್ದೇಳಬೇಕು, ಬಟ್ಟೆ ಹುಡುಕಬೇಕು, ಬೆಚ್ಚಗಿನ ಬಟ್ಟೆ ಬಿಚ್ಚಬೇಕು, ತಣ್ಣನೆ ನೆಲ ತುಳಿಯಬೇಕು, ಸ್ಟೀಲ್ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಬೇಕು, ಹದ ನೋಡಬೇಕು, ಸೋಪಿನ ವಾಸನೆ ತಡೆಯಬೇಕು, ಆಮೇಲೆ ಒದ್ದೆ ಮೈಗೆ ಬಟ್ಟೆ ಅಂಟುವುದನ್ನು ಸಹಿಸಬೇಕು, ಒದ್ದೆ ಕೂದಲು ಬೆನ್ನಿಗೆ ತಾಗುವುದನ್ನು ಸಹಿಸಬೇಕು. ಆಟಿಸಂ ಇರುವವರಿಗೆ ಇದರಲ್ಲಿ ಪ್ರತಿಯೊಂದೂ ಎದ್ದು ಕಾಣುತ್ತದೆ. ನಿಮಗೆ ಕಷ್ಟ ಆಗುತ್ತಿರುವುದು ಅತ್ತೆಯ ಪ್ರಶ್ನೆಯೋ, ಒದ್ದೆ ಕೂದಲೋ?

ಪತ್ತೆ ಮಾಡಲು ಒಂದು ಸುಲಭದ ದಾರಿ ಇದೆ. ಅತ್ತೆ ಊರಿಗೆ ಹೋದ ದಿನಗಳನ್ನು ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲದಾಗ, ರಾತ್ರಿ ಹನ್ನೊಂದಕ್ಕೆ ಸರಾಗವಾಗಿ ಸ್ನಾನ ಆಗುತ್ತಿತ್ತಾ? ಹಾಗಿದ್ದರೆ ತೊಂದರೆ ಒತ್ತಾಯದ್ದು. ಯಾರೂ ಇಲ್ಲದಿದ್ದರೂ, ಮನಸ್ಸಿದ್ದರೂ, ಭಯ ಇಲ್ಲದಿದ್ದರೂ ಮೈ ಏಳಲಿಲ್ಲ ಅಂದರೆ ಅದು ಬೇರೆ. ನಿಂತ ಎತ್ತಿನಗಾಡಿ ಹೊರಡದಂತೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಲಾಗದ ಜಡತೆ. ಅದಕ್ಕೆ ಯಾರಾದರೂ ಜೊತೆಗೆ ಬಂದು ನಿಂತರೆ ಉಪಕಾರ. ಒತ್ತಾಯದ ತೊಂದರೆಗೆ ಅದೇ ವಿಷ. ಹಾಗಾಗಿ ಎರಡನ್ನೂ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಮೂರು ವರ್ಷದ ಹಿಂದೆ ಆರಾಮಾಗಿ ಮಾಡುತ್ತಿದ್ದ ಕೆಲಸಗಳೂ ಈಗ ಆಗುತ್ತಿಲ್ಲ ಅಂದರೆ ವರ್ಷಗಟ್ಟಲೆ ‘ಎಲ್ಲರಂತೆ’ ನಟಿಸಿ ದಣಿದು ಬಸವಳಿದಿದ್ದೀರಿ ಅಂತ ಅರ್ಥ ಇರಬಹುದು. ಇಷ್ಟದ ಯಾವುದೂ ರುಚಿಸದೆ, ನಿದ್ದೆ ಹಸಿವು ಕೆಟ್ಟಿದ್ದರೆ ಖಿನ್ನತೆಯನ್ನು ನೋಡಬೇಕು. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಜೊತೆಗಿರುವುದೂ ಅಪರೂಪ ಅಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಒಮ್ಮೆ ನೋಡಿಸಿಬಿಡಿ. ಮನಸ್ಸಿನ ಕಾಯಿಲೆ ಅಂತ ವರ್ಷ ಕಳೆದು ಕೊನೆಗೆ ರಕ್ತಹೀನತೆ ಸಿಕ್ಕ ಉದಾಹರಣೆಗಳಿವೆ.

ಮಾತ್ರೆಯ ಪ್ರಶ್ನೆಗೆ ನೇರ ಉತ್ತರ: ಪಿಡಿಎಗೆ ಅಂತ ಮಾತ್ರೆ ಇಲ್ಲ. ಆಟಿಸಂಗೂ ಇಲ್ಲ. ಆತಂಕಕ್ಕೆ ಇದೆ. ಆತಂಕ ಸಣ್ಣ ಪಾಲುದಾರ ಅಲ್ಲ. ಆಟಿಸಂ ಇರುವ ವಯಸ್ಕರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2019ರಲ್ಲಿ ಲೆಕ್ಕ ಹಾಕಿದಾಗ, ಶೇ 27ರಷ್ಟು ಜನಕ್ಕೆ ಆ ಹೊತ್ತಿಗೆ ಆತಂಕದ ಕಾಯಿಲೆ ಇತ್ತು. ಜೀವನದಲ್ಲಿ ಯಾವಾಗಲಾದರೂ ಬಂದುಹೋದವರು ಶೇ 42. ಎಸಿಟಲೋಪ್ರಾಮ್, ಸರ್ಟ್ರಲೀನ್ ತರಹದ ಮಾತ್ರೆಗಳಿಂದ ಕೆಲವರಿಗೆ ಎದೆಬಡಿತದ ಅಬ್ಬರ ಇಳಿಯುತ್ತದೆ, ಹಾವು ಹಗ್ಗದಂತೆ ಕಾಣಲು ಶುರುವಾಗುತ್ತದೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಆಟಿಸಂ ಇರುವ ಕೆಲವರಿಗೆ ಮೊದಲ ದಿನಗಳಲ್ಲಿ ಚಡಪಡಿಕೆ ಜಾಸ್ತಿ ಆಗುತ್ತದೆ. ಅದಕ್ಕೆ ಕಮ್ಮಿ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸುವ ಮನೋವೈದ್ಯರ ಬಳಿ ಹೋಗಿ, ಆಟಿಸಂ ಇರುವುದನ್ನು ಮೊದಲೇ ಹೇಳಿ. ಪರಿಚಯದ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರಿಸಿಕೊಂಡು ನುಂಗುವುದು ಮಾತ್ರ ಬೇಡ. ಅದು ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ.

ಆಪ್ತಸಮಾಲೋಚನೆಯಲ್ಲಿ ಒಂದು ಇಕ್ಕಟ್ಟಿದೆ. ಮಾಮೂಲಿ ಆತಂಕಕ್ಕೆ ನಾವು ಹೇಳುವುದು ‘ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪ ಎದುರಿಸಿ’ ಅಂತ. ಅದು ಸರಿಯಾದ ಮಾತೇ. ಆದರೆ ‘ಎದುರಿಸಿ’ ಅನ್ನುವುದೇ ನಿಮಗೆ ಇನ್ನೊಂದು ಲೇಬೇಕು. ಥೆರಪಿಸ್ಟ್ ಕೊಟ್ಟ ಹೋಂವರ್ಕ್ ಮಾಡಲಾಗದೆ ನಾಚಿಕೆಯಿಂದ ಬರುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಹಾಗಂತ ಎಲ್ಲವನ್ನೂ ಬಿಟ್ಟು ಕೂತರೆ ಪ್ರಪಂಚ ಮಂಚದಷ್ಟಕ್ಕೆ ಕುಗ್ಗುತ್ತದೆ. ನಾನು ಮಾಡುವುದು ಹೀಗೆ. ಮೊದಲ ಒಂದೆರಡು ತಿಂಗಳು ಹೊರೆ ಇಳಿಸುವುದು. ಮೈ ಸಡಿಲಾದ ಮೇಲೆ, ಯಾವುದನ್ನು ಯಾವಾಗ ಎದುರಿಸುವುದು ಅಂತ ಅವರೇ ಆರಿಸುವುದು, ಮಧ್ಯದಲ್ಲಿ ಬಿಟ್ಟುಹೋಗುವ ಹಕ್ಕಿನ ಸಮೇತ. ಆ ಹಕ್ಕು ಕೈಯಲ್ಲಿದ್ದರೆ ಜನ ಬಿಟ್ಟುಹೋಗುವುದು ಕಮ್ಮಿ. ವಿಚಿತ್ರ, ಆದರೆ ನನ್ನ ರೂಮಿನಲ್ಲಿ ಪದೇ ಪದೇ ಕಂಡದ್ದು.

ಹೊರೆ ಇಳಿಸುವುದು ಅಂದರೆ ಮೊದಲು ಕರೆಂಟ್ ಬಿಲ್. ಅದನ್ನು ಆಟೋ ಪೇಗೆ ಹಾಕಿ, ಇಲ್ಲವಾದರೆ ಗಂಡನಿಗೆ ಒಪ್ಪಿಸಿಬಿಡಿ. ಬಿಲ್ ಕಟ್ಟುವುದರಿಂದ ಯಾರ ವ್ಯಕ್ತಿತ್ವವೂ ವಿಕಾಸ ಆಗುವುದಿಲ್ಲ. ಫೋನನ್ನು ಸೈಲೆಂಟಿನಲ್ಲಿ ಇಟ್ಟು, ‘ಮೊದಲು ಮೆಸೇಜ್ ಹಾಕಿ’ ಅಂತ ಹತ್ತಿರದವರಿಗೆ ಹೇಳಿ. ದಿನಾ ತಲೆಸ್ನಾನ ಬೇಡ. ಕೆಲವು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೂ ಆಯಿತು. ಪೂಜೆ, ಮಡಿ ಇರುವ ಮನೆಯಲ್ಲಿ ಇದು ಸುಲಭ ಅಲ್ಲ ಅಂತ ಗೊತ್ತು. ಆ ಕೆಲಸ ಸ್ವಲ್ಪ ದಿನ ಬೇರೆಯವರು ಮಾಡಲಿ.

ಟು-ಡು ಪಟ್ಟಿ, ಅಲಾರಂ, ದಿನಾ ಟಿಕ್ ಹಾಕುವ ಆ್ಯಪ್ ಇವುಗಳಿಂದ ದೂರ ಇರಿ. ಅಲಾರಂ ಅಂದರೆ ಜೇಬಿನಲ್ಲಿರುವ ಇನ್ನೊಬ್ಬ ಅತ್ತೆ. ಪಟ್ಟಿ ಬೇಕೇ ಬೇಕು ಅನ್ನಿಸಿದರೆ ದರ್ಶಿನಿಯ ಬೋರ್ಡಿನಂತೆ ಬರೆಯಿರಿ. ಇವತ್ತು ಏನೇನಿದೆ: ಸ್ನಾನ, ಎರಡು ಇನ್‌ವಾಯ್ಸ್, ಸೊಪ್ಪು ಬಿಡಿಸುವುದು, ಅಕ್ಕನಿಗೆ ಮೆಸೇಜ್. ಬೋರ್ಡಿನಲ್ಲಿರುವುದನ್ನೆಲ್ಲ ತಿಂದು ಬರುವವರು ಯಾರೂ ಇಲ್ಲ. ಒಂದು ಇಡ್ಲಿ ತಿಂದು ಬಂದರೂ ಹೋಟೆಲಿಗೆ ಹೋಗಿ ಬಂದದ್ದೇ.

ನಾಟಕವೂ ಕೆಲಸಕ್ಕೆ ಬರುತ್ತದೆ. ನ್ಯೂಸನ್ ಆ ಮಕ್ಕಳಲ್ಲಿ ಪಾತ್ರ ಹಾಕುವ, ಬೇರೊಬ್ಬರಂತೆ ಆಡುವ ಒಲವನ್ನು ಗುರುತಿಸಿದ್ದರು. ದೊಡ್ಡವರಲ್ಲೂ ಅದು ಉಳಿದಿರುತ್ತದೆ. ಗುರುತು ಬದಲಿಸಿ ಹೇಳುತ್ತೇನೆ, ನಲವತ್ತು ದಾಟಿದ ಒಬ್ಬ ಬ್ಯಾಂಕ್ ಉದ್ಯೋಗಿಗೆ ಅಡುಗೆಮನೆಗೆ ಕಾಲಿಡಲು ಆಗುತ್ತಿರಲಿಲ್ಲ. ಒಂದು ದಿನ ಟಿವಿಯ ಅಡುಗೆ ಕಾರ್ಯಕ್ರಮದವರಂತೆ ಗೋಡೆಗೆ ಮುಖ ಮಾಡಿ ‘ವೀಕ್ಷಕರೇ, ಈಗ ಈರುಳ್ಳಿ ಹೆಚ್ಚಿಕೊಳ್ಳೋಣ’ ಅಂತ ಶುರು ಮಾಡಿದರು. ಉಪ್ಪಿಟ್ಟು ಆಯಿತು. ಈಗ ವಾರಕ್ಕೆ ಮೂರು ಸಂಚಿಕೆ ಬರುತ್ತಿವೆಯಂತೆ. ಮಾಡುತ್ತಿರುವುದು ‘ನಾನು’ ಅಲ್ಲದಿದ್ದರೆ ಲೇಬೇಕು ಯಾರಿಗೆ ತಗಲಬೇಕು?

ರಂಗೋಲಿಯನ್ನು ವಾಪಸ್ ಪಡೆಯಲು ಆತುರ ಬೇಡ. ಬಾಗಿಲ ಮುಂದೆ ಬೇಡವೇ ಬೇಡ, ಅಲ್ಲಿ ಹಾಕಿದರೆ ಅದು ಮನೆಗೆಲಸ. ಆಫೀಸಿನ ಹಳೇ ಕಾಗದದ ಹಿಂಬದಿಗೆ ನಾಲ್ಕು ಚುಕ್ಕಿ ಇಟ್ಟು ಹರಿದುಹಾಕಿ. ಯಾರೂ ನೋಡದಿರುವುದು ಮುಖ್ಯ. ಹೊಗಳಿಕೆ ಕೂಡ ಲೇಬೇಕೇ. ‘ಎಷ್ಟು ಚೆನ್ನಾಗಿ ಹಾಕಿದೀಯ’ ಅಂದರೆ ನಿಮಗೆ ಕೇಳಿಸುವುದು ‘ನಾಳೆಯೂ ಹಾಕು’ ಅಂತ.

ಗಂಡನ ಬಗ್ಗೆ ಒಂದು ಮಾತು, ನಿಮಗೆ ಇಷ್ಟವಾಗದಿರಬಹುದು. ಅವರು ಸೋಮಾರಿ ಅಂದದ್ದು ತಪ್ಪು. ಆದರೆ ಕತ್ತಲೆ ಮನೆಯಲ್ಲಿ ಫ್ಯೂಸ್ ಹಾಕಿಸಲು ಓಡಾಡಿದವರು ಅವರೇ ಇರಬೇಕು. ನಿಮ್ಮ ಕಷ್ಟ ನಿಜ ಅಂದ ಮಾತ್ರಕ್ಕೆ ಅವರ ದಣಿವು ಸುಳ್ಳಾಗುವುದಿಲ್ಲ. ಕೆಲಸಗಳನ್ನು ಸಮ ಸಮ ಹಂಚಲು ಹೋಗಬೇಡಿ, ಸ್ವಭಾವ ನೋಡಿ ಹಂಚಿ. ಹೊತ್ತು ಗೊತ್ತಿಲ್ಲದ, ಯಾರೂ ಕಾಯದ ಕೆಲಸ ನಿಮಗೆ: ಬಟ್ಟೆ ಮಡಚುವುದು, ಲೆಕ್ಕ ಇಡುವುದು, ಆನ್‌ಲೈನಿನಲ್ಲಿ ದಿನಸಿ ತರಿಸುವುದು. ಬಾಗಿಲು ತಟ್ಟಿ ಬರುವ ಕೆಲಸ ಅವರಿಗೆ: ಗ್ಯಾಸ್‌ನವರು, ಪ್ಲಂಬರ್, ನೆಂಟರ ಫೋನು. ನಿಮಗೆ ಮಾತು ನಿಂತು, ಮೈ ಮರಗಟ್ಟಿದಂತಾದಾಗ ಅವರು ಮಾಡಬೇಕಾದ್ದು ಕಮ್ಮಿ. ಪ್ರಶ್ನೆ ಬೇಡ, ಸಮಾಧಾನ ಬೇಡ, ಲೈಟ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಇದನ್ನು ಅವರಿಗೆ ಒಳ್ಳೆಯ ದಿನ ನೋಡಿ ಹೇಳಿ, ಆ ಹೊತ್ತಿನಲ್ಲಲ್ಲ.

ಆಫೀಸಿನಲ್ಲಿ ರೋಗದ ಹೆಸರು ಹೇಳದೆಯೂ ಕೇಳಬಹುದಾದ್ದು ಬಹಳ ಇದೆ. ಕೆಲಸ ಬರಹದಲ್ಲಿ ಕೊಡಿ, ಮುಂಚೆ ತಿಳಿಸದೆ ಕಾಲ್ ಬೇಡ, ‘ಇವತ್ತು ನಾಲ್ಕಕ್ಕೆ’ ಅನ್ನುವ ಬದಲು ‘ಗುರುವಾರದೊಳಗೆ’ ಅನ್ನಿ. ಇಷ್ಟನ್ನು ಯಾವ ಒಳ್ಳೆಯ ಮ್ಯಾನೇಜರೂ ಒಪ್ಪುತ್ತಾರೆ. ಹೆಸರು ಹೇಳುವುದಾದರೆ ಕಾನೂನಿನ ಆಸರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಆಟಿಸಂ ಒಂದು. ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತ ಅದರಲ್ಲಿದೆ. ನಿಮ್ಮ ಕಂಪನಿಯದನ್ನು ಓದಿ ನೋಡಿ, ಆಮೇಲೆ ನಿರ್ಧರಿಸಿ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಹೋದರೆ ಒಂದು ವಿಷಯ ಗೊತ್ತಿರಲಿ. ಆಟಿಸಂ ಅಳೆಯಲು ನಮ್ಮಲ್ಲಿ ಬಳಸುವ ಐಎಸ್‌ಎಎ ಎಂಬ ಅಳತೆಯಲ್ಲಿ 40 ಅಂಶಗಳಿವೆ, ಅಂಕ ಕನಿಷ್ಠ 70 ಆಗಬೇಕು. ಮಾತು ಚೆನ್ನಾಗಿ ಬರುವ, ಹೊರಗೆ ಎಲ್ಲ ಸರಿ ಇರುವಂತೆ ತೋರಿಸಿ ಅಭ್ಯಾಸವಾದ ನಿಮ್ಮಂಥವರಿಗೆ ಅಲ್ಲಿ ಅಂಕ ಕಮ್ಮಿ ಬರಬಹುದು. ಬಂದರೆ ನಿಮಗೆ ಆಟಿಸಂ ಇಲ್ಲ ಅಂತ ಅಲ್ಲ, ಆ ತಕ್ಕಡಿಗೆ ನೀವು ಸರಿಯಾಗಿ ಕೂರಲಿಲ್ಲ ಅಷ್ಟೇ.

ಊಟ ನೀರು ಬಿಡುವ ಮಟ್ಟಕ್ಕೆ ಬಂದರೆ, ಬದುಕುವುದೇ ಬೇಡ ಅನ್ನುವ ಯೋಚನೆ ಸುಳಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವುದೇ ನಿಮಗೆ ಕಷ್ಟ ಅಂತ ಗೊತ್ತು. ಆದ್ದರಿಂದ ಈ ಒಂದು ಕರೆ ಮಾಡುವ ಜವಾಬ್ದಾರಿ ನಿಮ್ಮ ಗಂಡನದು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ಇನ್ನು ಅತ್ತೆ. ಕೊಬ್ಬು ಅಂದವರಿಗೆ ಆಟಿಸಂ ಪಾಠ ಮಾಡಲು ಹೋದರೆ ಕೆಲಸ ಕೆಡುತ್ತದೆ. ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದೂ ಕಷ್ಟ, ಎಷ್ಟೋ ವರ್ಷದ ಅಭ್ಯಾಸ. ಪ್ರಶ್ನೆಯನ್ನು ಸುದ್ದಿ ಮಾಡಬಹುದು. ‘ಸ್ನಾನ ಆಯ್ತಾ?’ ಅನ್ನುವ ಜಾಗದಲ್ಲಿ ‘ಗೀಸರ್ ಹಾಕಿದೀನಿ’. ‘ಊಟಕ್ಕೆ ಬಾ’ ಅನ್ನುವ ಜಾಗದಲ್ಲಿ ‘ಸಾರು ಮುಚ್ಚಿಟ್ಟಿದೀನಿ’. ಹೇಳಿ ಅಲ್ಲೇ ನಿಂತು ನೋಡಬಾರದು. ನಿಂತರೆ ಸುದ್ದಿ ಮತ್ತೆ ಆರ್ಡರ್ ಆಗುತ್ತದೆ, ನಿಮ್ಮ ಮೂಗಿಗೆ ಅದು ತಕ್ಷಣ ಬಡಿಯುತ್ತದೆ. ಎದುರು ಕೂತು ಹೇಳಲು ಆಗದಿದ್ದರೆ ಒಂದು ಚೀಟಿ:

‘ಅತ್ತೆ, ನೀವು ಕೇಳೋದು ಪ್ರೀತಿಗೆ ಅಂತ ನನಗೆ ಗೊತ್ತು. ಕೇಳಿದ ತಕ್ಷಣ ನನಗೆ ಭಯ ಆಗಿ ಕೈಕಾಲು ನಿಂತುಹೋಗುತ್ತೆ. ಬೇಕೂಂತ ಮಾಡ್ತಿಲ್ಲ. ಒಂದು ತಿಂಗಳು ಸ್ನಾನದ ವಿಷಯ ಮಾತ್ರ ನನಗೆ ಬಿಟ್ಟುಬಿಡಿ. ಗೀಸರ್ ಹಾಕಿದ್ರೆ ಹೇಳಿ ಸಾಕು.’

ಇದನ್ನು ಕೈಗೆ ಕೊಡಬೇಕಾಗಿಲ್ಲ. ಕಾಫಿಪುಡಿ ಡಬ್ಬಿಯ ಕೆಳಗೆ ಇಟ್ಟು ಬನ್ನಿ, ಬೆಳಿಗ್ಗೆ ಅವರೇ ನೋಡುತ್ತಾರೆ.